ಗೆದ್ದವನೇ ಮಾತಾಡಬೇಕು

ಎಲ್ಲ ರಗಳೆಗೂ ಕಾರಣ ಒಂದು ವಾಲಿಬಾಲ್ ನೆಟ್ಟು.

ಸಿದ್ದಾಪುರದ ಕ್ರೀಡಾ ಬಳಗದ ಹಳೆಯ ನೆಟ್ಟು ಎಷ್ಟು ಹರಿದುಹೋಗಿತ್ತೆಂದರೆ, ಚೆಂಡು ಮೇಲಿನಿಂದ ದಾಟಿತೋ ನಡುವಿನ ತೂತಿನಿಂದ ನುಸುಳಿತೋ ಎಂದು ಜಗಳವಾಡುವುದರಲ್ಲೇ ಹೋದ ವರ್ಷದ ಪಂದ್ಯಾವಳಿಯ ಅರ್ಧ ದಿನ ಮುಗಿದಿತ್ತು. ಈ ಸಲ ಬೆಂಗಳೂರಿನ ಒಂದು ಸಂಸ್ಥೆಯವರು ಪುಣ್ಯ ಕಟ್ಟಿಕೊಂಡರು. ಹೊಸ ನೆಟ್ಟು, ಆರು ಚೆಂಡು, ಒಂದು ಡಬ್ಬಿ ತುಂಬ ಕಾಮನಬಿಲ್ಲಿನ ಬಣ್ಣದ ಕೈಪಟ್ಟಿ, ಮತ್ತು ಒಂದು ಕಾಗದ ಬಂತು. ಕಾಗದದಲ್ಲಿ ಇದ್ದದ್ದು ಇಷ್ಟೇ: "ಸಲಿಂಗಪ್ರೇಮಿಗಳಿಗೂ ಎಲ್ಲರಂತೆ ಬದುಕುವ ಹಕ್ಕಿದೆ. ಇಚ್ಛೆಯಿರುವ ಆಟಗಾರರು ಈ ಪಟ್ಟಿ ಕಟ್ಟಿಕೊಂಡು ಬೆಂಬಲ ಸೂಚಿಸಬಹುದು."

ಇಚ್ಛೆಯಿರುವ ಆಟಗಾರರು! ಬಳಗದ ಅಧ್ಯಕ್ಷರಾದ ದೇವರು ಹೆಗಡೆಯವರು ಮೂವತ್ತೈದು ವರ್ಷ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ "ಯಾರ್ಯಾರಿಗೆ ಓಡೋ ಇಚ್ಛೆ ಇದೆ, ಎಲ್ಲರೂ ಓಡಿ" ಎಂದು ಸೀಟಿ ಊದಿ ರೂಢಿಯಾದವರು. ಅವರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಅಂದ್ರೆ ಕಡ್ಡಾಯ" ಎಂದು ತೀರ್ಮಾನಿಸಿದರು.

ಪಂದ್ಯಾವಳಿಯ ಭಾನುವಾರ ಬೆಳಿಗ್ಗೆ ಏಳಕ್ಕೆ ಕೋಲಸಿರ್ಸಿಯ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು ನಂದನ ನಾಯ್ಕ ಬೂಟಿನ ಲೇಸು ಕಟ್ಟುತ್ತಿದ್ದ. ವಯಸ್ಸು ಇಪ್ಪತ್ತೊಂಬತ್ತು, ಕೆಲಸ ಲೈನ್‌ಮನ್ನನದು. ಕೋಲಸಿರ್ಸಿ ತಂಡದ ಕ್ಯಾಪ್ಟನ್, ತಾಲೂಕಿಗೇ ಹೆಸರಾದ ಲಿಫ್ಟರ್. ಅವನು ಎತ್ತಿಕೊಟ್ಟ ಚೆಂಡನ್ನೂ ಹೊಡೆಯಲಾರದವನು ಮನೆಗೆ ಹೋಗಿ ಚೌಕಾಬಾರ ಆಡಲಿ ಎಂದು ಜನ ಹೇಳುತ್ತಿದ್ದರು. ಮಾತು ಮಾತ್ರ ಬಹಳ ಕಡಿಮೆ. ಕಂಬ ಹತ್ತಿದರೆ ಕಂಬಕ್ಕೂ ಅವನಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಮಾತು ಕಡಿಮೆಯಾಗಲು ಕಾರಣವಿತ್ತು. ನಂದನನಿಗೆ ಹುಡುಗಿಯರ ಮೇಲೆ ಮನಸ್ಸಿರಲಿಲ್ಲ, ಹುಡುಗರ ಮೇಲೆ ಇತ್ತು. ಇದು ಅವನಿಗೆ ಹೈಸ್ಕೂಲಿನಲ್ಲೇ ಗೊತ್ತಾಗಿತ್ತು, ಊರಲ್ಲಿ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದಿದ್ದ. ಅಷ್ಟರಲ್ಲಿ ಯಾರಾದರೊಬ್ಬರು "ನಮ್ಮನೆ ಕರೆಂಟ್ ಎಷ್ಟೊತ್ತಿಗೆ ಬರ್ತದೋ?" ಎಂದು ಕೇಳುತ್ತಿದ್ದರು. ಇವನು ಬಾಯಿ ಮುಚ್ಚಿಕೊಂಡು ಏಣಿ ಹೊತ್ತುಕೊಂಡು ಹೋಗುತ್ತಿದ್ದ.

"ನಂದಣ್ಣಾ, ಇವತ್ತು ಚೆಂದಾಗಿ ಆಡಾ. ಎಕ್ಕಂಬಿಯೋರು ಬರ್ತಾರೆ, ನಾಕು ಗಂಟೆಗೆ!" ಎನ್ನುತ್ತ ಪಕ್ಕದ ಮನೆಯ ಸುಬ್ಬಕ್ಕ ಬೇಲಿ ದಾಟಿ ಬಂದಳು. ಮೂರು ತಾಲೂಕಿನ ಮದುವೆಯಾಗದವರ ಪಟ್ಟಿ ಅವಳಿಗೆ ಬಾಯಿಪಾಠ. "ಹುಡುಗಿ ಅಪ್ಪ ಕೆರಿಯಪ್ಪ, ಹುಡುಗಿ ರಕ್ಷಿತಾ, ಇಬ್ಬರೂ ಆಟ ನೋಡೋಕೇ ಬರೋದು. ಆಟ ಮುಗೀತಿದ್ದಂಗೆ ಸಂಬಂಧ ಗಟ್ಟಿ ಮಾಡಿ ಸಕ್ಕರೆ ಹಂಚಿಬಿಡೋದೇ!"

ನಂದನನ ಕೈಯಲ್ಲಿದ್ದ ಲೇಸು ಕಿತ್ತುಬಂತು. "ಅವ್ವಾ, ನಾ ಬೇಡ ಅಂದಿದ್ನಲ!"

ಒಳಗಿನಿಂದ ಅವ್ವ ಹೊನ್ನಮ್ಮ ಚಹಾ ಲೋಟ ಹಿಡಿದು ಬಂದಳು. "ನೀ ಬೇಡ ಅಂದಿದ್ದು ಯಾವಾಗ? ಊಂ ಅಂದಂಗೇ ಕೇಳ್ತಪ್ಪ."

"ಬೇಡ ಅಂದ್ರೆ ಬೇಡ," ಎಂದ ನಂದನ. ಇವತ್ತು ಹೇಳದಿದ್ದರೆ ಇನ್ನೊಬ್ಬ ಹೆಣ್ಣುಮಗಳ ಬಾಳೂ ತನ್ನ ಜೊತೆ ಸೇರಿ ಹಾಳಾಗುತ್ತದೆ. "ನಂಗೆ ಹೆಣ್ಮಕ್ಕಳ ಮೇಲೆ ಮನಸ್ಸೇ ಇಲ್ಲ ಅವ್ವ. ಯಾವತ್ತೂ ಇಲ್ಲ."

ಸುಬ್ಬಕ್ಕ ಕೆನ್ನೆಗೆ ಕೈ ಹಚ್ಚಿಕೊಂಡಳು. "ಕೇಳಿದ್ಯನೇ ಹೊನ್ನಮ್ಮ! ನಾನೂ ಅವರ ಹತ್ರ ಇದನ್ನೇ ಹೇಳಿ ಬಂದಿದ್ದು. ನಮ್ಮ ಹುಡುಗ ಒಂದು ಹುಡುಗೀನ ತಲೆ ಎತ್ತಿ ನೋಡಿದವ ಅಲ್ಲ, ಬಂಗಾರದಂಥ ಹುಡುಗ ಅಂತ!"

ಹೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇವನಪ್ಪನೂ ಹಿಂಗೇ ಇದ್ದಿದ್ರು."

ಇಂಥ ಇಬ್ಬರ ಮುಂದೆ ಯಾರಾದರೂ ಏನು ಹೇಳಿಯಾರು? ನಂದನ ಬೈಕ್ ಹತ್ತಿ ಹೊರಟುಹೋದ.

ಮೈದಾನದಲ್ಲಿ ಆಗಲೇ ಬೇರೊಂದು ಗದ್ದಲ ಎದ್ದಿತ್ತು. ಎಂಟು ತಂಡದ ಕ್ಯಾಪ್ಟನ್‌ಗಳನ್ನು ಶಾಮಿಯಾನದ ಕೆಳಗೆ ಸಾಲಾಗಿ ನಿಲ್ಲಿಸಿ ದೇವರು ಹೆಗಡೆಯವರು ಕೈಪಟ್ಟಿ ಹಂಚುತ್ತಿದ್ದರು. ಪಟ್ಟಿ ಕಟ್ಟಿಕೊಳ್ಳುವುದಕ್ಕೆ ಯಾರದೂ ತಕರಾರಿರಲಿಲ್ಲ, ನೋಡುವುದಕ್ಕೆ ಚೆಂದವಿತ್ತು. ಆದರೆ ಒಬ್ಬ ಕ್ಯಾಪ್ಟನ್ ಮೈಕಿನಲ್ಲಿ ನಿಂತು ಬೆಂಬಲದ ಎರಡು ಮಾತು ಹೇಳಬೇಕು ಎಂದು ಅವರು ತಾವಾಗಿ ಸೇರಿಸಿದ ಕೂಡಲೇ ಎಂಟೂ ಜನ ನೆಲ ನೋಡತೊಡಗಿದರು.

ಸುಮ್ಮನಿರಲಾರದೆ ನಡುವೆ ಬಾಯಿ ಹಾಕಿದವನು ನಂದನನ ತಂಡದ ಅಟ್ಯಾಕರ್ ಸತೀಶ. ಎರಡು ಮಕ್ಕಳ ತಂದೆ, ದನಿ ಲಾರಿಯ ಹಾರನ್ನಿನದು. "ಅಲ್ಲ ಸರ್, ಆಟಗಾರ ಅಂದ್ರೆ ಆಟ ಆಡ್ಬೇಕು. ಬೆಂಬಲ ಗಿಂಬಲ ಎಲ್ಲ ನಮಗ್ಯಾಕೆ? ಅಡಿಗೆಯವನ ಹತ್ರ ಯಾರಾದ್ರೂ ರಸ್ತೆ ರಿಪೇರಿ ಬಗ್ಗೆ ಕೇಳ್ತಾರಾ?"

"ಹಂಗೆ ಹೇಳಿದ್ರೆ ಹೇಗೆ?" ಎಂದು ಯಲ್ಲಾಪುರ ತಂಡದ ಕ್ಯಾಪ್ಟನ್ ಸುಜಯ ಭಟ್ಟ ತೋಳೇರಿಸಿದ. ಓದಿಕೊಂಡ ಹುಡುಗ, ಮಾತು ಮೊಳೆ ಹೊಡೆದಂತೆ. "ನಾವು ಒಂದು ಪಾಯಿಂಟ್ ಹೊಡೆದ್ರೆ ನೂರು ಹುಡುಗರು ಚಪ್ಪಾಳೆ ಹೊಡೀತಾರೆ. ಆ ನೂರರಲ್ಲಿ ಒಬ್ಬನಾದ್ರೂ ಹೇಳಲಾರದೆ ಒದ್ದಾಡ್ತಾ ಇರ್ತಾನೆ. ಅವನಿಗೆ ನಮ್ಮ ಒಂದು ಮಾತಿಂದ ಎಷ್ಟು ಧೈರ್ಯ ಬರ್ತದೆ ಗೊತ್ತುಂಟಾ? ಆಟಗಾರ ಮಾತಾಡ್ಬೇಕು, ಮಾತಾಡ್ಲೇಬೇಕು!"

ನಂದನನಿಗೆ ಆ ಕ್ಷಣಕ್ಕೆ ಸುಜಯನನ್ನು ತಬ್ಬಿಕೊಳ್ಳಬೇಕು ಎನ್ನಿಸಿತು.

"ಶಭಾಷ್!" ದೇವರು ಹೆಗಡೆಯವರು ಮೈಕನ್ನು ಸುಜಯನ ಮೂಗಿನ ಹತ್ತಿರ ಹಿಡಿದರು. "ಹಂಗಾದ್ರೆ ನೀನೇ ಮಾತಾಡು ತಮಾ."

ಸುಜಯನ ತೋಳು ತಾನಾಗಿ ಇಳಿಯಿತು. ಅವನು ಮನೆಮಾತಾದ ಹವ್ಯಕಕ್ಕೆ ಜಾರಿದ. "ಎಂಗೆ ಎಂತೂ ಗೊತ್ತಿಲ್ಲೆ ಮಾವಾ, ಆನು ನೀರು ಕುಡ್ಕಂಡು ಬತ್ತಿ," ಎಂದವನೇ ನೀರಿನ ಡ್ರಮ್ಮಿನ ಹಿಂದೆ ಮಾಯವಾದ.

ಕಾನಸೂರಿನವನಿಗೆ ಗಂಟಲು ನೋವು ಬಂತು. ಶಿರಸಿಯವನಿಗೆ ಅತ್ತೆಮನೆಯಿಂದ ಫೋನು ಬಂತು. ಕಡೆಗೆ ಹೆಗಡೆಯವರು ಕೆಂಡವಾಗಿ ಸೀಟಿ ಊದಿದರು. "ಕೇಳಿ ಎಲ್ಲರೂ! ಫೈನಲ್ ಮುಗಿದ ಮೇಲೆ ಗೆದ್ದ ತಂಡದ ಕ್ಯಾಪ್ಟನ್ ಮಾತಾಡ್ಬೇಕು. ಮಾತಾಡಿದ್ರೆ ಕಪ್ಪು, ಇಲ್ಲದಿದ್ರೆ ಇಲ್ಲ. ಇದೇ ಕಾಯಂ!"

ಅಲ್ಲಿಂದ ಶುರುವಾಯಿತು ನೋಡಿ ಅಂದಿನ ಆಟ. ಅಂಥ ಆಟವನ್ನು ಆ ಮೈದಾನ ಹಿಂದೆ ಕಂಡಿರಲಿಲ್ಲ, ಮುಂದೆ ಕಾಣುವುದೂ ಬೇಡ. ಎಂಟು ಕ್ಯಾಪ್ಟನ್‌ಗಳೂ ಸೋಲುವುದಕ್ಕೆ ಜೀವ ಪಣಕ್ಕಿಟ್ಟು ಆಡಿದರು. ಕಾನಸೂರಿನ ಕ್ಯಾಪ್ಟನ್ ಸರ್ವಿಸ್ ಮಾಡಿದರೆ ಚೆಂಡು ಎದುರಿನ ಅಂಕಣ ಬಿಟ್ಟು ಚುರುಮುರಿ ಗಾಡಿಯ ಮೇಲೆ ಬೀಳುತ್ತಿತ್ತು. ಶಿರಸಿಯವನು ಸುಮ್ಮಸುಮ್ಮನೆ ಹೋಗಿ ನೆಟ್ಟು ಮುಟ್ಟಿ, "ನಾನೇ ಮುಟ್ಟಿದ್ದು ಸರ್, ನಾನೇ" ಎಂದು ರೆಫರಿಗೆ ಒಪ್ಪಿಸಿ ಬರುತ್ತಿದ್ದ.

ನಂದನನೂ ಸೋಲಲು ಬಹಳ ಪ್ರಯತ್ನಪಟ್ಟ. ಆದರೆ ಹದಿನೈದು ವರ್ಷದ ಅಭ್ಯಾಸ ಬೆರಳಿನಲ್ಲಿ ಕೂತುಬಿಟ್ಟಿತ್ತು. ಸೆಮಿಫೈನಲ್ಲಿನಲ್ಲಿ ಬೇಕೆಂದೇ ಚೆಂಡನ್ನು ತಲೆಯ ಹಿಂದಕ್ಕೆ ಎಸೆದ. ಎಲ್ಲಿಂದಲೋ ಹಾರಿ ಬಂದ ಸತೀಶ ಅದನ್ನು ಧಡ್ಡನೆ ಬಾರಿಸಿದ. ಅವನಿಗೇನು, ಮಾತಾಡಬೇಕಾದವನು ಅವನಲ್ಲವಲ್ಲ!

"ಓಹೋಹೋ! ಏನು ಬ್ಯಾಕ್ ಲಿಫ್ಟು! ಕಣ್ಣು ಮುಂದೆ, ಕೈ ಹಿಂದೆ, ಎದುರಾಳಿ ಎಲ್ಲಿಯೂ ಇಲ್ಲ!" ಎಂದು ಮೈಕಿನಲ್ಲಿ ದೇವರು ಹೆಗಡೆಯವರ ವೀಕ್ಷಕ ವಿವರಣೆ ಮೊಳಗಿತು. ಅಧ್ಯಕ್ಷರೂ ಅವರೇ, ವಿವರಣೆಯೂ ಅವರದೇ. ನಂದನನ ತಂಡ ಫೈನಲ್ಲಿಗೆ ಹೋಯಿತು. ಇನ್ನೊಂದು ಕಡೆಯಿಂದ ಸುಜಯನ ಯಲ್ಲಾಪುರವೂ ತಲೆಯ ಮೇಲೆ ಕೈಹೊತ್ತು ಫೈನಲ್ ತಲುಪಿತು.

ಊಟದ ಹೊತ್ತಿಗೆ ನಂದನ ಒಂದು ಮೂಲೆಯಲ್ಲಿ ಕೋಕಂ ಶರಬತ್ತು ಹಿಡಿದು ಕೂತಿದ್ದ. ನೆಟ್ಟು ತಂದ ಸಂಸ್ಥೆಯ ಹುಡುಗಿ ಭೂಮಿಕಾ ಪಕ್ಕದ ಕುರ್ಚಿಗೆ ಬಂದಳು. ಅವಳೂ ಯಲ್ಲಾಪುರದ ಕಡೆಯವಳೇ. ಮುಖ ಸಣ್ಣದಾಗಿತ್ತು.

"ಸಾರಿ ಅಣ್ಣಾ," ಎಂದಳು. "ನಾವು ಬರೆದಿದ್ದು ಇಷ್ಟ ಇದ್ದವರು ಅಂತ. ನಿಮ್ಮ ಅಧ್ಯಕ್ಷರಿಗೆ ಮೂರು ಸಲ ಹೇಳಿದೆ, ಕೇಳ್ಲಿಲ್ಲ. ಹೊಡೆದು ಹೇಳಿಸಿದ್ದು ಬೆಂಬಲ ಹೇಗಾಗ್ತದೆ? ನಿಮಗೆ ಮನಸ್ಸಿಲ್ಲದಿದ್ರೆ ಹೇಳ್ಬೇಡಿ."

"ಮನಸ್ಸಿಲ್ಲ ಅಂತಲ್ಲ," ಎಂದ ನಂದನ. ಲೋಟ ತಿರುಗಿಸಿದ. "ಒಂದು ಕೇಳ್ಲಾ? ಬೆಂಬಲ ಕೊಡೋದರ ಬದಲು... ಒಬ್ಬ ಆಟಗಾರ ಇರೋದನ್ನ ಇದ್ದಹಾಗೆ ಹೇಳಿಬಿಟ್ರೆ?"

ಭೂಮಿಕಾ ಅವನ ಮುಖವನ್ನೇ ನೋಡಿದಳು. ಏನೋ ಕೇಳಲು ಹೊರಟಿದ್ದಳು. ಅಷ್ಟರಲ್ಲಿ "ಭೂಮಿಕಾ ಅವರು ಎಲ್ಲಿದ್ದರೂ ವೇದಿಕೆಗೆ ಬರಬೇಕು, ಊಟ ಮಾಡಿಲ್ಲದಿದ್ದರೆ ಊಟ ಮಾಡಿ ಬರಬೇಕು!" ಎಂದು ಮೈಕು ಕೂಗಿತು.

ಅವಳು ಎದ್ದು ಹೋದಳು. ಆದರೆ ನಂದನನ ತಲೆಯಲ್ಲಿ ದೀಪ ಹತ್ತಿಯಾಗಿತ್ತು. ಅಯ್ಯೋ ದಡ್ಡ, ಇಡೀ ದಿನ ಸೋಲಲು ಒದ್ದಾಡಿದೆಯಲ್ಲ! ಗೆದ್ದರೆ ಮೈಕು ಕೈಗೆ ಬರುತ್ತದೆ. ಸಾವಿರ ಜನ ಕೂತಿರುತ್ತಾರೆ, ಅವ್ವ ಇರುತ್ತಾಳೆ, ಎಕ್ಕಂಬಿಯವರೂ ಇರುತ್ತಾರೆ. ಒಂದೇ ಸಲ, ಒಂದೇ ಮಾತು. ಹುಡುಗಿಯ ಅಪ್ಪ ಎದ್ದು ಹೋಗುತ್ತಾನೆ, ಹುಡುಗಿ ಬದುಕಿಕೊಳ್ಳುತ್ತಾಳೆ. ಊರು ನಾಲ್ಕು ದಿನ ಬಾಯಿಗೆ ಬಂದದ್ದು ಆಡಿಕೊಂಡು, ಐದನೇ ದಿನ ಕರೆಂಟ್ ಹೋದಾಗ ಮತ್ತೆ ತನ್ನನ್ನೇ ಕರೆಯುತ್ತದೆ. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೈಸ್ಕೂಲು ಬಿಟ್ಟ ಮೇಲೆ ಮೊದಲ ಸಲ ಮಾತಾಡಬೇಕು ಎಂದು ಮೈಯೆಲ್ಲ ತುಡಿಯುತ್ತಿತ್ತು.

ನಾಲ್ಕು ಗಂಟೆಗೆ ಫೈನಲ್ ಶುರುವಾಯಿತು. ಮುಂದಿನ ಸಾಲಿನಲ್ಲಿ ಅವ್ವ ಹಸಿರು ಸೀರೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಸುಬ್ಬಕ್ಕ, ಅವಳ ಪಕ್ಕದಲ್ಲಿ ಬಿಳಿ ಅಂಗಿ, ಗಿರಿಜಾ ಮೀಸೆಯ ಕೆರಿಯಪ್ಪ, ಆಚೆಗೆ ಮೊಬೈಲು ನೋಡುತ್ತ ರಕ್ಷಿತಾ.

ಗೆಲ್ಲಲೇಬೇಕೆಂದು ಆಡುವ ನಂದನ ಒಂದು ಕಡೆ, ಸೋಲಲೇಬೇಕೆಂದು ಆಡುವ ಸುಜಯ ಇನ್ನೊಂದು ಕಡೆ. ಇಂಥ ಹೊಂದಾಣಿಕೆ ಗಂಡಹೆಂಡಿರಲ್ಲೂ ಸಿಗುವುದಿಲ್ಲ. ನಂದನ ಚೆಂಡನ್ನು ಹೂವಿನಂತೆ ಎತ್ತಿಕೊಟ್ಟ, ಸತೀಶ ಸಿಡಿಲಿನಂತೆ ಹೊಡೆದ, ಸುಜಯ "ಬನ್ನಿ ಬನ್ನಿ" ಎಂಬಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಇಪ್ಪತ್ತೈದು–ಆರು. ಇಪ್ಪತ್ತೈದು–ನಾಲ್ಕು. ಇಪ್ಪತ್ತೈದು–ಎರಡು. ಆ ಎರಡು ಪಾಯಿಂಟೂ ಸುಜಯನ ತಂಡದವನೊಬ್ಬ ಕೈತಪ್ಪಿ ಹೊಡೆದದ್ದು, ಅವನಿಗೆ ಸುಜಯ ಅಲ್ಲೇ ಬೈದ.

ಜನ ಎದ್ದು ಕುಣಿದರು. ಪಟಾಕಿ ಸಿಡಿಯಿತು. ನಂದನ ಬೆವರು ಒರೆಸಿಕೊಳ್ಳದೆ ನೇರ ವೇದಿಕೆಗೆ ಓಡಿದ್ದು ಕಂಡು ದೇವರು ಹೆಗಡೆಯವರೇ ಬೆಚ್ಚಿದರು. ಮೈಕು ಕೊಡುವ ಮೊದಲೇ ಅವನು ಕಿತ್ತುಕೊಂಡಿದ್ದ.

"ಎಲ್ಲರಿಗೂ ನಮಸ್ಕಾರ," ಎಂದ. "ನಾ ಹೆಚ್ಚು ಮಾತಾಡೋನಲ್ಲ. ಇವತ್ತು ಒಂದು ವಿಷಯ ಹೇಳ್ಬೇಕು. ನಾನು—"

ಕರೆಂಟ್ ಹೋಯಿತು.

ಮೈಕು ಸತ್ತಿತು, ಫ್ಯಾನು ನಿಂತಿತು. ಸಾವಿರ ಕಣ್ಣು ಅವನ ಮೇಲೆಯೇ ನೆಟ್ಟವು. ಮಾತು ಕೇಳಲಿಕ್ಕಲ್ಲ. "ನಂದಣ್ಣಾ, ಎಂತಾಯ್ತು ನೋಡಾ!" ಎಂದು ನಾಲ್ಕೂ ದಿಕ್ಕಿನಿಂದ ಕೂಗು ಬಂತು.

ಬೇರೆ ದಿನವಾಗಿದ್ದರೆ ಇದೇ ನೆಪವೆಂದು ಜಾರಿಕೊಳ್ಳುತ್ತಿದ್ದ. ಇವತ್ತು ಅವನಿಗೆ ಆವೇಶ ಬಂದಿತ್ತು. ಜರ್ಸಿಯಲ್ಲೇ ಓಡಿ, ಶಾಮಿಯಾನದ ಹಿಂದಿನ ಕಂಬಕ್ಕೆ ಏಣಿ ಹಚ್ಚಿ, ಸುಟ್ಟುಹೋದ ಫ್ಯೂಸಿನ ತಂತಿ ಬದಲಿಸಿದ. ಜನ ಕೆಳಗೆ ನಿಂತು ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ಫ್ಯಾನು ತಿರುಗಿತು, ಮೈಕು ಕುಂಯ್ಯೆಂದಿತು. ಅವನು ಮತ್ತೆ ವೇದಿಕೆಗೆ ಓಡಿ ಬಂದು, ಉಸಿರು ತಿರುಗುವುದಕ್ಕೂ ಕಾಯದೆ ಒಂದೇ ದಮ್ಮಿಗೆ ಹೇಳಿಬಿಟ್ಟ.

"ನಾನು ಗೇ."

ಚುರುಮುರಿಯವನ ಸೌಟು ಗಾಳಿಯಲ್ಲೇ ನಿಂತಿತು.

"ಸತ್ಯವಾಗಿ," ಎಂದ ನಂದನ. ಕಣ್ಣಲ್ಲಿ ನೀರು ತುಂಬಿ ಅವ್ವ ಹಸಿರು ಮಬ್ಬಾಗಿ ಕಂಡಳು. "ಸಣ್ಣವನಿದ್ದಾಗಿಂದ ಹಿಂಗೇ. ಇಷ್ಟು ವರ್ಷ ಹೇಳೋಕೆ ಹೆದರಿದ್ದೆ. ಇವತ್ತು ಹೇಳ್ದೆ. ಇಷ್ಟೇ."

ಒಂದು ಕ್ಷಣ, ಎರಡು ಕ್ಷಣ. ಮೂರನೆಯ ಕ್ಷಣಕ್ಕೆ ದೇವರು ಹೆಗಡೆಯವರು ಎರಡೂ ಕೈಯೆತ್ತಿ ಮೈಕಿಗೆ ಹಾರಿದರು. ಅವರ ಕನ್ನಡಕದ ಒಳಗೆ ಧಾರಾಕಾರ ನೀರು.

"ಬಂಧುಗಳೇ! ಬೆಂಬಲ ಅಂದ್ರೆ ಇದು! ಇದಪ್ಪಾ ಬೆಂಬಲ! 'ನಾ ಅವರ ಜೊತೆಗಿದ್ದೇನೆ' ಅಂತ ಯಾರು ಬೇಕಾದ್ರೂ ಹೇಳ್ತಾರೆ. ನಮ್ಮ ನಂದನ 'ನಾನೇ ಅವರು' ಅಂತ ಹೇಳಿದ! ನೆನಪಿದೆಯೋ ಇಲ್ಲವೋ, ಹೊಳೆ ಉಳಿಸುವ ಸಭೆಯಲ್ಲಿ ನಾವೆಲ್ಲ ಏನಂತ ಕೂಗಿದ್ವಿ? 'ನಾನೇ ಹೊಳೆ' ಅಂತ! ಮರ ಕಡಿಯೋಕೆ ಬಂದಾಗ 'ನಾನೇ ಮರ' ಅಂತ ತಬ್ಬಿ ನಿಂತಿರಲಿಲ್ವೋ? ಅದೇ ಪರಂಪರೆ! ಅದೇ!"

ಮೈದಾನ ಒಡೆದುಹೋಗುವಂತೆ ಚಪ್ಪಾಳೆ ಬಿತ್ತು.

"ಅಲ್ಲ ಸರ್, ಇದು ಹಂಗಲ್ಲ—" ಎಂದ ನಂದನ. ಅವನ ಮಾತು ಮುಗಿಯಲಿಲ್ಲ. ಸತೀಶ ವೇದಿಕೆಗೆ ನುಗ್ಗಿ ಅವನನ್ನು ಎತ್ತಿಕೊಂಡುಬಿಟ್ಟಿದ್ದ.

"ಬೆಳಿಗ್ಗೆ ನಾ ತಪ್ಪು ಮಾತಾಡ್ದೆ!" ಎಂದು ಲಾರಿ ದನಿ ಬಿಕ್ಕಳಿಸಿತು. "ನನ್ನ ಕ್ಯಾಪ್ಟನ್ ಗೇ ಅಂದ್ರೆ ನಾನೂ ಗೇ!"

ಕೆಳಗೆ ಅವನ ಹೆಂಡತಿ ಎರಡನೆಯ ಮಗುವನ್ನು ಎತ್ತಿ ಹಿಡಿದು ಹೆಮ್ಮೆಯಿಂದ ಕೈ ಬೀಸಿದಳು. ಸುಜಯ ಮೈಕಿಗೆ ಬಂದ. ಈಗ ಅವನಿಗೆ ಎಲ್ಲವೂ ಗೊತ್ತಿತ್ತು. "ಯಲ್ಲಾಪುರ ಪೂರ್ತಿ ಗೇ!" ಎಂದು ಘೋಷಿಸಿದ. ಕಾನಸೂರು ಹಿಂದೆ ಬೀಳಲಿಲ್ಲ, ಗಂಟಲು ನೋವು ಆ ಹೊತ್ತಿಗೆ ವಾಸಿಯಾಗಿತ್ತು. ರೆಫರಿ ಎದ್ದ, ಸ್ಕೋರ್ ಬರೆಯುವವ ಎದ್ದ, ಧ್ವನಿವರ್ಧಕದವ ತನ್ನ ಜಾಗದಿಂದಲೇ ಕೈಯೆತ್ತಿದ. ಸುಬ್ಬಕ್ಕ ಕುರ್ಚಿಯ ಮೇಲೆ ಹತ್ತಿ ನಿಂತು, "ನಂದೂ ಒಂದು ಬರಕೊಳ್ರಾ, ಕೋಲಸಿರ್ಸಿ ಸುಬ್ಬಿ ನಾಯ್ಕ!" ಎಂದು ಕೂಗಿದಳು.

"ಇದು ಬೆಂಬಲ ಅಲ್ಲಾ!" ಎಂದು ನಂದನ ಗಂಟಲು ಹರಿಯುವಂತೆ ಅರಚಿದ. "ನಿಜಾ! ನಿಜಕ್ಕೂ ನಿಜಾ!"

"ನೋಡಿ ಹೇಗೆ ಮನಸಾರೆ ಹೇಳ್ತಾನೆ!" ಎಂದರು ದೇವರು ಹೆಗಡೆಯವರು. "ಕಲೀರಿ, ಎಲ್ಲ ಆಟಗಾರರೂ ಕಲೀರಿ! ಬರೋ ವರ್ಷದಿಂದ ಎಲ್ಲ ಕ್ಯಾಪ್ಟನ್‌ಗಳೂ ಹೀಗೇ ಹೇಳೋದು. ಕಡ್ಡಾಯ!"

ಸಾವಿರ ಜನರಲ್ಲಿ ಚಪ್ಪಾಳೆ ತಟ್ಟದೆ ನಿಂತಿದ್ದವಳು ಭೂಮಿಕಾ ಒಬ್ಬಳೇ. ಅವಳಿಗೆ ಅರ್ಥವಾಗಿತ್ತು. ಜನರನ್ನು ತಳ್ಳಿಕೊಂಡು ಅವನ ಕಡೆಗೇ ಬರುತ್ತಿದ್ದಳು. ವೇದಿಕೆಯ ಮೆಟ್ಟಿಲಲ್ಲೇ ಅವಳನ್ನು ಹಿಡಿದ ಸಮಿತಿಯವರು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ತಲೆಗೆ ಪೇಟ ಇಟ್ಟು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಹೇರಿದರು. ಪೇಟ ಕಣ್ಣಿನವರೆಗೂ ಇಳಿಯಿತು. ಆಮೇಲೆ ಫೋಟೋದವರು ಸುತ್ತುಗಟ್ಟಿದರು.

ನಂದನ ವೇದಿಕೆಯಿಂದ ಹಾರಿ ನೇರ ಕೆರಿಯಪ್ಪನ ಮುಂದೆ ನಿಂತ. ಊರು ಕೇಳದಿದ್ದರೆ ಹಾಳಾಗಲಿ, ಈ ಮನುಷ್ಯ ಕೇಳಿದರೆ ಸಾಕು. "ಮಾವ... ಅಲ್ಲ, ಸಾಹೇಬ್ರೇ. ನಾ ಹೇಳಿದ್ದು ಸುಳ್ಳಲ್ಲ. ನಾನು ನಿಜವಾಗ್ಲೂ—"

"ಗೊತ್ತೈತ್ರಿ, ಗೊತ್ತೈತಿ!" ಎಂದು ಕೆರಿಯಪ್ಪ ಅವನ ಎರಡೂ ಕೈ ಹಿಡಿದು ಅಲ್ಲಾಡಿಸಿದ. ಮೀಸೆಯ ತುದಿ ಒದ್ದೆಯಾಗಿತ್ತು. "ಏನ್ ಎದೀರಿ ನಿಮ್ದು! ನಾ ಇಷ್ಟ್ ದಿನ ಇಂಥಾ ಮಾತ ಕೇಳಿದ್ರ ಬೈತಿದ್ದೆ ನೋಡ್ರಿ. ಇವತ್ತ ನೀವು ನನ್ನ ಕಣ್ಣ ತೆರಿಸಿದ್ರಿ. ನಾನೂ ಗೇ ರೀ! ಮೀಸಿ ಮ್ಯಾಲ ಆಣಿ!"

"ಅಯ್ಯೋ, ಮೈಕು ಆಫ್ ಆಗಿದೆ ಈಗ. ಇಲ್ಲಿ ನಾಟಕ ಎಂತಕ್ಕೆ ಮಾಡ್ಲಿ ನಾನು?"

"ಅದ ನೋಡ್ರಿ ದೊಡ್ಡತನ! ಮೈಕ್ ಇಲ್ಲದಾಗೂ ಬೆಂಬಲ ಬಿಡವಲ್ರಿ!"

ಕೊನೆಗೆ ಉಳಿದವಳು ರಕ್ಷಿತಾ. ಶಿರಸಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಕಣ್ಣಲ್ಲಿ ಬುದ್ಧಿಯಿತ್ತು. ಇವಳಿಗೆ ತಿಳಿಯುತ್ತದೆ ಎಂದು ನಂದನನಿಗೆ ಖಾತ್ರಿಯಾಯಿತು. ಚುರುಮುರಿ ಗಾಡಿಯ ಆಚೆಗೆ ಅವಳನ್ನು ಕರೆದುಕೊಂಡು ಹೋದ.

ಅವಳೇ ಮೊದಲು ಮಾತೆತ್ತಿದಳು. "ತುಂಬ ಖುಷಿಯಾಯ್ತು. ನನ್ನ ಕಾಲೇಜಿನ ಸ್ನೇಹಿತರಲ್ಲೇ ಮೂವರು ಗೇ ಇದಾರೆ. ಅವರು ಪಟ್ಟ ಪಾಡು ನೋಡಿದೀನಿ."

ನಂದನನಿಗೆ ಹೋದ ಜೀವ ಬಂದಂತಾಯಿತು. "ನಾನು ನಾಲ್ಕನೆಯವನು," ಎಂದ.

ರಕ್ಷಿತಾ ಹೊಟ್ಟೆ ಹಿಡಿದು ನಕ್ಕಳು. "ಬಿಡಿ, ನಮ್ಮಪ್ಪ ಐದನೆಯವರು. ಆ ಸುಬ್ಬಕ್ಕ ಆರನೆಯವರು. ಇಡೀ ಮೈದಾನ ಲೆಕ್ಕ ಹಾಕಿದ್ರೆ ಸಾವಿರದ ಮೂರಾಗ್ತದೆ!" ನಗು ಇಳಿದ ಮೇಲೆ ಕಣ್ಣೊರೆಸಿಕೊಂಡು ದನಿ ತಗ್ಗಿಸಿದಳು. "ಒಂದು ನಿಜ ಹೇಳ್ಲಾ? ಬೇಜಾರು ಮಾಡ್ಕೋಬಾರ್ದು. ನಾವಿವತ್ತು ಬಂದಿದ್ದೇ ಈ ಸಂಬಂಧ ಬೇಡ ಅಂತ ಹೇಳೋಕೆ."

"ಏನು?"

"ಹೌದು. ಹೋದ ವಾರ ಸುಬ್ಬಕ್ಕ ಇಬ್ಬರಿಗೂ ಫೋನು ಹಿಡಿಸಿದಾಗ ಹದಿನೈದು ನಿಮಿಷ ನಾನೊಬ್ಬಳೇ ಮಾತಾಡಿದ್ದೆ. ನೀವು ಊಂ ಬಿಟ್ರೆ ಬೇರೆ ಹೇಳಿದ್ರಾ? ಬಾಯೇ ಇಲ್ಲದವನ ಜೊತೆ ಹೇಗೆ ಬಾಳೋದು ಅಂತ ನಾ ಹಟ ಹಿಡಿದೆ. ಅಪ್ಪನೂ ಒಪ್ಪಿದ್ರು. ಮರ್ಯಾದೆಗೆ ಆಟ ನೋಡಿ, ಚಹಾ ಕುಡಿದು, 'ಆಗಲ್ಲ' ಅಂತ ಹೇಳಿ ಐದು ಗಂಟೆ ಬಸ್ಸಿಗೆ ಹೋಗೋದು ಅಂತಿತ್ತು. ಆಟ ಮುಗಿದ ಕೂಡಲೇ ಎದ್ದೂ ನಿಂತಿದ್ವಿ. ಅಷ್ಟರಲ್ಲಿ ನೀವು ಮೈಕು ಕಿತ್ತುಕೊಂಡ್ರಿ!" ಅವಳ ಮುಖ ಅರಳಿತು. "ಸಾವಿರ ಜನರ ಮುಂದೆ ಹೀಗೆ ಮಾತಾಡೋನು ಮನೇಲಿ ಮಾತಾಡದೇ ಇರ್ತಾನಾ? ನಾನು ಊಂ ಅಂದುಬಿಟ್ಟೆ."

ನಂದನ ಹಣೆ ಚಚ್ಚಿಕೊಂಡ. ಬಾಯಿ ಮುಚ್ಚಿಕೊಂಡು ಸೋತಿದ್ದರೆ ಸಾಕಾಗಿತ್ತು! ಸುಜಯನಂತೆ ಪಕ್ಕಕ್ಕೆ ಸರಿದು ನಿಂತಿದ್ದರೆ ಸಾಕಾಗಿತ್ತು! ಕಡೆಗೆ, ಆ ದರಿದ್ರ ಫ್ಯೂಸನ್ನು ಹಾಗೇ ಬಿಟ್ಟಿದ್ದರೂ ಸಾಕಾಗಿತ್ತು! ಬಸ್‌ಸ್ಟ್ಯಾಂಡಿನ ಕಡೆಯಿಂದ ಐದು ಗಂಟೆಯ ಬಸ್ಸು ಹಾರನ್ನು ಹೊಡೆಯುತ್ತ ಹೊರಟುಹೋದದ್ದು ಕೇಳಿಸಿತು.

"ರಕ್ಷಿತಾ ಅವರೇ," ಎಂದ. ಕೈಮುಗಿದು ಬೇಡಿಕೊಳ್ಳುವವನ ಹಾಗಿತ್ತು ದನಿ. "ಒಂದೇ ನಿಮಿಷ. ಗಣಿತ ಕಲಿಸೋರು ನೀವು, ಒಂದೊಂದೇ ಹೆಜ್ಜೆ ಹೇಳ್ತೇನೆ, ಕೇಳಿ. ಆ ಸಾವಿರ ಜನ ಹೇಳಿದ್ದು ಬೇರೆ, ನಾ ಹೇಳಿದ್ದು ಬೇರೆ. ನಾನು—"

"ಸಿಕ್ದಾ, ಇಲ್ಲಿದಾನೆ ನೋಡೇ! ಆಗ್ಲೇ ಇಬ್ರೂ ಮೂಲೆ ಹಿಡ್ದಾರೆ!" ಎಂದು ಸುಬ್ಬಕ್ಕನ ದನಿ ಕೇಳಿತು. ಹಿಂದೆಯೇ ಅವ್ವ, ಅವಳ ಹಿಂದೆ ಕೆರಿಯಪ್ಪ, ದೇವರು ಹೆಗಡೆಯವರು, ಕಪ್ಪು ಹೊತ್ತ ಸತೀಶ, ಪೇಟ ಮೇಲೆ ತಳ್ಳಿಕೊಳ್ಳುತ್ತ ಏದುಸಿರು ಬಿಡುತ್ತಿದ್ದ ಭೂಮಿಕಾ ಎಲ್ಲರೂ ಬಂದರು. ಹೊನ್ನಮ್ಮನ ಕೈಯಲ್ಲಿ ಸಕ್ಕರೆಯ ತಟ್ಟೆಯಿತ್ತು. ಮಗ ಇಷ್ಟು ಮಾತಾಡಿದ್ದನ್ನು ಅವನು ಹುಟ್ಟಿದಂದಿನಿಂದ ಅವಳು ಕೇಳಿರಲಿಲ್ಲ. ಅವಳ ಮುಖದಲ್ಲಿದ್ದಷ್ಟು ಸಂತೋಷವನ್ನು ನಂದನನೂ ಯಾವತ್ತೂ ಕಂಡಿರಲಿಲ್ಲ.

"ಅವ್ವಾ, ನಿನ್ನ ದಮ್ಮಯ್ಯ, ನಾ ಹೇಳೋದನ್ನ ಒಂದ್ಸಲ ಕೇಳು," ಎಂದು ನಂದನ ದೊಡ್ಡದಾಗಿ ಬಾಯಿ ತೆರೆದ.

ಹೊನ್ನಮ್ಮ ಆ ಬಾಯಿಗೆ ಒಂದು ಮುಷ್ಟಿ ಸಕ್ಕರೆ ಹಾಕಿದಳು.